ಒರೆಸಿದರೂ ಉಳಿಯುವ ಬರಹ: ನನ್ನ ಮೆಲಮೈನ್ ವೈಟ್‌ಬೋರ್ಡು

ಪಾಠ ಹೇಳಲು ಮೆಲಮೈನ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಪದರದ ವೈಟ್‌ಬೋರ್ಡು ತಂದು ವರ್ಷಗಳಾದವು. ಅಳತೆ, ಫ್ರೇಮು ಇವೆಲ್ಲ ಡಬ್ಬದ ಮೇಲೇ ಇರುತ್ತವೆ, ಬಿಡಿ. ನನ್ನ ತಕರಾರು ಒಂದೇ. ನಿನ್ನೆ ಬರೆದದ್ದು ಇವತ್ತೂ ಕಾಣುತ್ತದೆ! ತ್ರಿಕೋನ ಒರೆಸಿ ಅದೇ ಜಾಗದಲ್ಲಿ ವೃತ್ತ ಎಳೆದರೆ, ಹಿಂದಿನ ಬೆಂಚಿನವರು ಎರಡನ್ನೂ ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ.

ಹೊಸದರಲ್ಲಿ ಹೀಗಿರಲಿಲ್ಲ. ಡಸ್ಟರ್ ಒಂದು ಸಲ ಆಡಿಸಿದರೆ ಹಾಲಿನಂಥ ಬಿಳುಪು. ಮಾರ್ಕರಿನ ಇಂಕಿನಲ್ಲಿ ಎಣ್ಣೆಯಂಥ ಒಂದು ಅಂಶ ಇರುತ್ತದೆ. ಬಣ್ಣ ಬೋರ್ಡಿಗೆ ಅಂಟದ ಹಾಗೆ ತಡೆಯುವುದು ಅದೇ. ಆದರೆ ಮೆಲಮೈನ್ ಪದರ ತೀರಾ ತೆಳು. ತಿಕ್ಕಿ ತಿಕ್ಕಿ ನುಣುಪು ಹೋದ ಮೇಲೆ ಇಂಕು ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತುಬಿಡುತ್ತದೆ. ನನ್ನ ಬೋರ್ಡಿನ ನಾಲ್ಕು ಮೂಲೆ ಇನ್ನೂ ಹೊಸದರಂತಿವೆ, ನಡುವೆ ಮಾತ್ರ ಬೂದು ಮಬ್ಬು. ಮೂಲೆಯಲ್ಲಿ ಯಾರು ಬರೆಯುತ್ತಾರೆ, ಅಲ್ವಾ?

ಹಾಗಾಗಿ ಸಂಜೆ ಒಂದು ಪೂಜೆ ಶುರುವಾಗಿದೆ. ಮೊದಲು ಒಣ ಡಸ್ಟರ್, ಮೇಲಿನಿಂದ ಕೆಳಕ್ಕೆ. ಆಮೇಲೆ ಚೂರೇ ಚೂರು ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆ. ಕೊನೆಗೆ ಒಣ ಬಟ್ಟೆ. ಡಸ್ಟರನ್ನು ಹೊರಗೆ ಬಡಿದು ಪುಡಿ ಉದುರಿಸುತ್ತೇನೆ, ಇಲ್ಲದಿದ್ದರೆ ಅದು ಒರೆಸುವುದಿಲ್ಲ, ಬಳಿಯುತ್ತದೆ. ಮಾರ್ಕರ್‌ಗಳನ್ನು ಅಡ್ಡ ಮಲಗಿಸಿಡಬೇಕು. ತುದಿ ಮೇಲೆ ಮಾಡಿ ನಿಲ್ಲಿಸಿದರೆ ಇಂಕು ಕೆಳಗಿಳಿದು, ಬರಹ ಪೇಲವವಾಗುತ್ತದೆ.

ಇಷ್ಟೆಲ್ಲಾ ಬೈದರೂ ಒಂದು ವಿಷಯಕ್ಕೆ ಖುಷಿ ಇದೆ. ಒಣಗಿ ಹಟ ಹಿಡಿದ ಗೆರೆಯ ಮೇಲೆ ವೈಟ್‌ಬೋರ್ಡ್ ಮಾರ್ಕರಿನಿಂದ ಮತ್ತೆ ಗೀಚಿ, ಒಣಗುವ ಮೊದಲೇ ಒರೆಸಿದರೆ ಹಳೆಯದೂ ಸೇರಿ ಬಂದುಬಿಡುತ್ತದೆ. ಹೊಸ ಇಂಕಿನಲ್ಲಿರುವ ದ್ರಾವಕ ಹಳೆಯದನ್ನು ಕರಗಿಸುತ್ತದೆ. ಯಾರೋ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದಿಟ್ಟದ್ದೂ ಹೀಗೇ ಹೋಯಿತು. ಮಕ್ಕಳ ಮುಂದೆ ಮಾಡಿದರೆ ಜಾದೂ ನೋಡಿದಂತೆ ಬಾಯಿ ಬಿಡುತ್ತಾರೆ. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಮಾತ್ರ ಹತ್ತಿರಕ್ಕೂ ತರಬೇಡಿ, ಇರುವ ನುಣುಪೂ ಹೋಗುತ್ತದೆ.

ದುಡ್ಡು ಕೂಡಿದಾಗ ಎನಾಮೆಲ್ ಸ್ಟೀಲ್ ಬೋರ್ಡು ತರುತ್ತೇನೆ. ಅದು ಉಕ್ಕಿನ ಮೇಲೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಕೂರಿಸಿದ ಗಾಜಿನ ಪದರ. ಇಂಕು ಒಳಗಿಳಿಯುವುದಿಲ್ಲ, ಮ್ಯಾಗ್ನೆಟ್ಟೂ ಹಿಡಿಯುತ್ತದೆ. ಪೂರ್ತಿ ಗಾಜಿನದ್ದು ನೋಡಲು ಚೆಂದ, ಆದರೆ ಟ್ಯೂಬ್‌ಲೈಟ್ ಪ್ರತಿಫಲಿಸಿ ಬದಿಯಲ್ಲಿ ಕೂತವರಿಗೆ ಅಕ್ಷರವೇ ಕಾಣುವುದಿಲ್ಲ.

ಬಜೆಟ್ ಕಡಿಮೆ, ದಿನಾ ಒರೆಸುವ ತಾಳ್ಮೆ ಇದೆ ಅಂದರೆ ಮೆಲಮೈನ್ ಸಾಕು. ಆಫೀಸಿನಲ್ಲಿ ‘ಒರೆಸಬೇಡಿ’ ಅಂತ ಬರೆದು ತಿಂಗಳುಗಟ್ಟಲೆ ಬಿಡುವವರಿಗೆ ಬೇಡವೇ ಬೇಡ.