ನೇಪಾಳದ ಗಡಿ ನಕ್ಷೆ: ನಾಲ್ಕರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ?

ಪರಿಹಾರ ಕೆಲಸಕ್ಕೆ ನೇಪಾಳದ ಗಡಿಗಳು ಬೇಕೆಂದರೆ ಪುಕ್ಕಟೆ ಸಿಗುವ ನಾಲ್ಕು ಜಾಗಗಳಿವೆ: ಗ್ಯಾಡಮ್, ಓಪನ್‌ಸ್ಟ್ರೀಟ್‌ಮ್ಯಾಪ್, ಜಿಯೋಬೌಂಡರೀಸ್, ಮತ್ತು ವಿಶ್ವಸಂಸ್ಥೆಯ ಮಾನವೀಯ ನೆರವಿನ ಕಚೇರಿ ಓಚಾ ತನ್ನ ಎಚ್‌ಡಿಎಕ್ಸ್‌ ದತ್ತಾಂಶ ತಾಣದಲ್ಲಿ ಇಡುವ, ಪರಿಹಾರ ಸಂಸ್ಥೆಗಳೆಲ್ಲ ಬಳಸುವ ಮೂಲ ಫೈಲುಗಳಾದ ಸಿಒಡಿ. ನಾಲ್ಕನ್ನೂ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಒಂದರ ಮೇಲೊಂದು ಹಾಕಿ ನೋಡಿದೆ. ಪರೀಕ್ಷೆಗೆ ಆರಿಸಿಕೊಂಡಿದ್ದು ರುಕುಂ, ಮೊದಲು ಒಂದೇ ಜಿಲ್ಲೆ, ಈಗ ಪೂರ್ವ, ಪಶ್ಚಿಮ ಎಂದು ಎರಡು. 2023ರ ನವೆಂಬರ್ 3ರ ಭೂಕಂಪದಲ್ಲಿ ಜಾಜರ್‌ಕೋಟ್ ಜೊತೆಗೆ ಜಾಸ್ತಿ ಪೆಟ್ಟು ತಿಂದಿದ್ದು ಪಶ್ಚಿಮ ರುಕುಂ.

ಗ್ಯಾಡಮ್ ಇಲ್ಲೇ ಎಡವಿತು. 2015ರ ಸಂವಿಧಾನದ ನಂತರ ನೇಪಾಳ ಹೊಸದಾಗಿ ಹಂಚಿಕೆಯಾಗಿದೆ: 7 ಪ್ರಾಂತ್ಯ, 77 ಜಿಲ್ಲೆ, 753 ಸ್ಥಳೀಯ ಸಂಸ್ಥೆ. ರುಕುಂ ಒಡೆದು ಪೂರ್ವ ಭಾಗ ಲುಂಬಿನಿಗೆ, ಪಶ್ಚಿಮ ಭಾಗ ಕರ್ಣಾಲಿಗೆ ಹೋಯಿತು. ಗ್ಯಾಡಮ್‌ನಲ್ಲಿ ಇನ್ನೂ ಹಳೆಯ 75 ಜಿಲ್ಲೆ, ಒಂದೇ ರುಕುಂ. ಮೇಲಾಗಿ, ಅನುಮತಿ ಇಲ್ಲದೆ ಫೈಲನ್ನು ಬೇರೆಯವರಿಗೆ ಹಂಚುವ ಹಾಗಿಲ್ಲ. ಪರಿಹಾರ ಕೆಲಸದಲ್ಲಿ ಹಂಚದೆ ಇಟ್ಟುಕೊಂಡು ಏನು ಮಾಡುವುದು?

ಓಪನ್‌ಸ್ಟ್ರೀಟ್‌ಮ್ಯಾಪ್ ನನಗೆ ಇಷ್ಟ. ಎರಡೂ ರುಕುಂ ಇವೆ, ನೇಪಾಳಿ ಹೆಸರುಗಳೂ ಇವೆ. ತೊಂದರೆ ಏನೆಂದರೆ ಯಾರು ಬೇಕಾದರೂ ಗೆರೆ ಸರಿಸಬಹುದು. ಗೆರೆಯ ಒಂದು ತುಂಡು ಕಳಚಿದರೆ ಸುತ್ತು ಮುಚ್ಚುವುದಿಲ್ಲ, ಜಿಲ್ಲೆಯೇ ಮಾಯ. ರಸ್ತೆ, ಕಟ್ಟಡಕ್ಕೆ ಇದನ್ನೇ ಬಳಸಿ. ಗಡಿಗೆ ಬೇಡ.

ಜಿಯೋಬೌಂಡರೀಸ್ ಶಿಸ್ತಿನ ಹುಡುಗ. ಪ್ರತಿ ಫೈಲಿಗೂ ಮೂಲ ಯಾವುದು, ಯಾವ ವರ್ಷದ್ದು, ಲೈಸೆನ್ಸ್ ಏನು ಎಂದು ಬರೆದಿಟ್ಟಿರುತ್ತಾರೆ. ಸಂಶೋಧನೆ ಮಾಡುವವರಿಗೆ ಹೇಳಿ ಮಾಡಿಸಿದ್ದು. ಆದರೆ ಗುರುತಿನ ಸಂಖ್ಯೆ ಅವರದ್ದೇ, ಪರಿಹಾರ ಸಂಸ್ಥೆಗಳೆಲ್ಲ ಬಳಸುವ ಪಿ-ಕೋಡ್ (ಪ್ರತಿ ಜಾಗಕ್ಕೂ ಕೊಟ್ಟ ಒಂದು ಗುರುತು) ಇಲ್ಲ.

ನನ್ನ ಮಟ್ಟಿಗೆ ತೀರ್ಮಾನವಾಗುವುದು ಈ ಪಿ-ಕೋಡ್‌ನಲ್ಲೇ. ಆಠಬಿಸ್ಕೋಟ್ ಎಂಬ ಪುರಸಭೆಯನ್ನು ಇಂಗ್ಲಿಷಿನಲ್ಲಿ ಒಬ್ಬರು ಒಂದು ಥರ ಬರೆಯುತ್ತಾರೆ. ಡೇರೆ ಹಂಚಿದವರ ಪಟ್ಟಿ, ಕುಸಿದ ಮನೆಗಳ ಪಟ್ಟಿ ಹೆಸರಿನ ಮೇಲೆ ಕೂಡಿಕೊಳ್ಳುವುದೇ ಇಲ್ಲ. ಸಿಒಡಿಯಲ್ಲಿ ಪ್ರಾಂತ್ಯ, ಜಿಲ್ಲೆ, ಪಾಲಿಕೆ ಎಲ್ಲಕ್ಕೂ ಒಂದೊಂದು ಕೋಡ್. ಎಲ್ಲರ ಎಕ್ಸೆಲ್‌ನಲ್ಲೂ ಅದೇ ಕೋಡ್ ಇದ್ದರೆ ಜೋಡಿಸುವುದು ನಿಮಿಷದ ಕೆಲಸ. ಗೆರೆ ಅಲ್ಲಿ ಇಲ್ಲಿ ಒರಟಾಗಿದ್ದರೂ ಪರವಾಗಿಲ್ಲ, ಗಡಿಗೆ ಸಿಒಡಿಯೇ. ಒಂದು ಎಚ್ಚರಿಕೆ: ಚಿತ್ವನ್‌ನಂಥ ರಾಷ್ಟ್ರೀಯ ಉದ್ಯಾನಗಳೂ ಪಾಲಿಕೆಗಳ ಜೊತೆ ಬೇರೆ ತುಂಡಾಗಿ ಕೂತಿರುತ್ತವೆ. ಸುಮ್ನೆ ಎಣಿಸಿದರೆ 753 ಬರುವುದಿಲ್ಲ, ಗಾಬರಿಯಾಗಬೇಡಿ.

ಹಾಗಂತ ಗ್ಯಾಡಮ್ ಅಳಿಸಬೇಡಿ. 2011ರ ಜನಗಣತಿ ಹಳೆಯ ಗ್ರಾಮ ಸಮಿತಿಗಳ ಲೆಕ್ಕದಲ್ಲಿದೆ, ಅದಕ್ಕೆ ಹಳೆಯ ಗಡಿಯೇ ಬೇಕು.

ಹಂಚುವಾಗ ನಕ್ಷೆಯ ಹಳೆಯ ಫೈಲ್ ರೂಪವಾದ ಶೇಪ್‌ಫೈಲ್ ಬಿಡಿ. ಅದು ಹಲವು ಫೈಲುಗಳ ಗುಂಪು. ವಾಟ್ಸಾಪ್‌ನಲ್ಲಿ ಯಾರಾದರೂ ಒಂದನ್ನು ಮಾತ್ರ ಕಳಿಸಿ "ತೆರೀತಿಲ್ಲ ಸಾರ್" ಅನ್ನುತ್ತಾರೆ. ಕಾಲಮ್ ಹೆಸರೂ ಹತ್ತು ಅಕ್ಷರಕ್ಕೆ ತುಂಡಾಗುತ್ತದೆ. ಜಿಯೋಪ್ಯಾಕೇಜ್ ಆದರೆ ಎಲ್ಲ ಒಂದೇ ಫೈಲ್. ಅದರ ಹೆಸರಲ್ಲೇ ಗಡಿ ಯಾವ ವರ್ಷದ್ದು ಅಂತ ಸೇರಿಸಿ ಕಳಿಸಿ.