ಹಾಗಲ ಚಪ್ಪರಕ್ಕೆ ಮೋಹಕ ಬಲೆ: ಡಬ್ಬಿಯಲ್ಲ, ಲೂರ್ ನೋಡಿ ಕೊಳ್ಳಿ

ಮಂಗಳೂರು, ಉಡುಪಿ ಕಡೆಯ ಬೀಜ-ಗೊಬ್ಬರದ ಅಂಗಡಿಗಳಲ್ಲಿ ಸಿಗುವ ಹಣ್ಣುನೊಣದ ಮೋಹಕ ಬಲೆ ಹಿತ್ತಲಿನ ಹಾಗಲ, ಹೀರೆ, ಪಡುವಲ, ಮುಳ್ಳುಸೌತೆಗೆ ಕೊಳ್ಳಬಹುದಾದ ವಸ್ತುವೇ. ಆದರೆ ಕೊಟ್ಟದ್ದನ್ನು ಹಾಗೆಯೇ ತರಬೇಡಿ. ಡಬ್ಬಿ ಒಂದೇ ಥರ ಕಂಡರೂ ಒಳಗಿನ ಲೂರ್, ಅಂದರೆ ನೊಣವನ್ನು ವಾಸನೆಯಿಂದ ಸೆಳೆಯುವ ತುಂಡು, ಬೇರೆ ಬೇರೆ. ಮಾವಿನ ನೊಣಕ್ಕೆ ಮಿಥೈಲ್ ಯೂಜಿನಾಲ್, ಬಳ್ಳಿ ತರಕಾರಿಯ ನೊಣಕ್ಕೆ ಕ್ಯೂ ಲೂರ್. ಮಾವಿನದ್ದನ್ನು ಹಾಗಲ ಚಪ್ಪರಕ್ಕೆ ಕಟ್ಟಿದರೂ ಡಬ್ಬಿ ತುಂಬುತ್ತದೆ, ಪಕ್ಕದ ಮಾವು-ಪೇರಳೆಯ ನೊಣಗಳಿಂದ! ಹಾಗಲ ಮಾತ್ರ ಕೊಳೆಯುತ್ತಲೇ ಇರುತ್ತದೆ.

ಬಳ್ಳಿ ಹೂ ಬಿಡುವ ಮೊದಲೇ ಕಟ್ಟಬೇಕು. ನೆಲದಿಂದ ನಾಲ್ಕೈದು ಅಡಿ ಎತ್ತರ, ಚಪ್ಪರದ ಅಂಚಿನ ನೆರಳು ಸರಿಯಾದ ಜಾಗ. ಮನೆಯ ಒಂದು ಚಪ್ಪರಕ್ಕೆ ಒಂದು ಬಲೆ ಸಾಕು. ಕೆಲವು ಲೂರ್ ತುಂಡುಗಳಿಗೆ ಕೀಟನಾಶಕವೂ ಸೇರಿರುವುದರಿಂದ ಬರಿಗೈಯಲ್ಲಿ ಮುಟ್ಟಬೇಡಿ. 45ರಿಂದ 60 ದಿನಕ್ಕೊಮ್ಮೆ ಬದಲಿಸಿ. ನಮ್ಮ ಮಳೆಗೆ ತಳದಲ್ಲಿ ನೀರು ನಿಲ್ಲುವುದುಂಟು, ಸೂಜಿ ಕಾಯಿಸಿ ಎರಡು ಸಣ್ಣ ತೂತು ಮಾಡಿ. ನೇತುಹಾಕುವ ತಂತಿಗೆ ಗ್ರೀಸ್ ಹಚ್ಚದಿದ್ದರೆ ಇರುವೆಗಳು ಸತ್ತ ನೊಣಗಳನ್ನು ಹೊತ್ತೊಯ್ಯುತ್ತವೆ, ಎಷ್ಟು ಬಿದ್ದಿವೆ ಎಂಬ ಲೆಕ್ಕವೇ ಸಿಗುವುದಿಲ್ಲ.

ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕಾಗಿದ್ದ ಸಂಗತಿ ಬೇರೆಯೇ ಇದೆ: ಈ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಎಳೆಕಾಯಿಗೆ ಚುಚ್ಚಿ ಮೊಟ್ಟೆ ಇಡುವುದು ಹೆಣ್ಣು. ಗಂಡು ಕಡಿಮೆಯಾದರೆ ಮುಂದಿನ ಪೀಳಿಗೆ ಕುಗ್ಗುತ್ತದೆ ನಿಜ, ಆದರೆ ಬೇರೆಡೆ ಕೂಡಿ ಬಂದ ಹೆಣ್ಣನ್ನು ಇದು ತಡೆಯದು. ನೆರೆಯ ಹಿತ್ತಲಲ್ಲಿ ಬಲೆ ಇಲ್ಲದಿದ್ದರೆ ಫಲ ಅರ್ಧಕ್ಕರ್ಧ. ಹಾಗಾಗಿ ಹೂವಿನ ಎಸಳು ಬಾಡಿ ಕಾಯಿ ಕಚ್ಚಿದ ಕೂಡಲೇ ಹಳೆ ಪಂಚೆಯ ಬಟ್ಟೆಯ ಚೀಲ ಕಟ್ಟಿ. ಬೇಸಿಗೆಯಲ್ಲಿ ಪೇಪರ್ ಆದರೂ ನಡೆದೀತು, ಮಳೆಗೆ ನಿಲ್ಲದು. ಪ್ಲಾಸ್ಟಿಕ್ ಕಟ್ಟಿದರೆ ಒಳಗೆ ಬೆವರಿ ಕಾಯಿಯೇ ಕೊಳೆಯುತ್ತದೆ.

ಚುಚ್ಚಿದ ಕಾಯಿ ಸೊಟ್ಟಗಾಗಿ, ಒಂದು ಕಡೆ ಹಳದಿಯಾಗುತ್ತದೆ. ಅದನ್ನು ಬಿಡಿಸಿ ಹಟ್ಟಿಗೊಬ್ಬರದ ಗುಂಡಿಗೆ ಎಸೆದರೆ ನೊಣ ಸಾಕಿದ ಹಾಗೆಯೇ. ಹುಳು ಬಲಿತು ಕಾಯಿಯಿಂದ ಹಾರಿ ಮಣ್ಣಿನೊಳಗೆ ಕೋಶವಾಗುತ್ತದೆ, ವಾರ-ಹತ್ತು ದಿನದಲ್ಲಿ ಮತ್ತೆ ನೊಣ. ಎರಡಡಿ ಆಳದಲ್ಲಿ ಹೂಳಿ, ಇಲ್ಲವೇ ಬಕೆಟ್ ನೀರಲ್ಲಿ ನಾಲ್ಕು ದಿನ ಮುಳುಗಿಸಿಡಿ. ಸುಡುಮಣ್ಣು ಮಾಡುವ ಮನೆಯವರಿಗೆ ಆ ಚಿಂತೆಯೂ ಇಲ್ಲ, ಅದರ ಬೆಂಕಿಗೇ ಹಾಕಬಹುದು. ಬುಡದ ಮಣ್ಣನ್ನು ಆಗಾಗ ಮೇಲ್ಮೇಲೆ ಕೆದಕಿ ಬಿಟ್ಟರೆ ಕೋಳಿ, ಹಕ್ಕಿಗಳು ಕೋಶ ಹೆಕ್ಕುತ್ತವೆ.

ಅಲಸಂಡೆಯ ಹೇನಿಗೂ ಗುಳ್ಳಬದನೆಯ ಕಾಯಿಕೊರಕಕ್ಕೂ ಈ ಬಲೆಯಿಂದ ಏನೂ ಆಗದು. ಹೇನಿಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪು ಬೆರೆಸಿ ಸಂಜೆ ಎಲೆಯಡಿಗೆ ಸಿಂಪಡಿಸಿ.

ಒಂದಕ್ಕಿಂತ ಹೆಚ್ಚು ಲೂರ್ ತಂದರೆ ಪೊಟ್ಟಣ ಒಡೆಯದೆ ತಂಪಿನಲ್ಲಿಡಿ. ಒಡೆದಿಟ್ಟದ್ದು ಕಟ್ಟುವ ಮೊದಲೇ ಆರಿಹೋಗಿರುತ್ತದೆ.