ಫೇರ್‌ಫೋನ್ 5 ಅಥವಾ ಐಫೋನ್ 15: ಯಾವುದರಿಂದ ಕಸ ಕಡಿಮೆ?

ಎರಡೂ 2023ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದವು. ಪರಿಸರದ ಮಾತನ್ನು ಎರಡು ಕಂಪನಿಗಳೂ ಆಡುತ್ತವೆ. ದಾರಿ ಮಾತ್ರ ಬೇರೆ.

ಫೇರ್‌ಫೋನ್ ಆಮ್‌ಸ್ಟರ್‌ಡ್ಯಾಮ್‌ನ ಸಣ್ಣ ಕಂಪನಿ. ಫೋನ್ ಬೇಗ ಕಸವಾಗಬಾರದು ಎಂಬುದೇ ಅದರ ಹಟ. ಹಿಂದಿನ ಮುಚ್ಚಳವನ್ನು ಕೈಯಲ್ಲೇ ತೆಗೆದು ಬ್ಯಾಟರಿ ಬದಲಿಸಬಹುದು. ಪರದೆ, ಕ್ಯಾಮೆರಾ, ಚಾರ್ಜಿಂಗ್ ಪೋರ್ಟ್ ಕೆಟ್ಟರೆ ಒಂದು ಸಾಮಾನ್ಯ ಸ್ಕ್ರೂಡ್ರೈವರ್ ಸಾಕು. ಕನಿಷ್ಠ 8 ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುವ ಭರವಸೆಯೂ ಇದೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಒಂದು ಫೋನಿನಿಂದ ಆಗುವ ಇಂಗಾಲದ ಮಾಲಿನ್ಯದಲ್ಲಿ ಜಾಸ್ತಿ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಇದ್ದ ಫೋನನ್ನೇ ಇನ್ನೂ ಮೂರು ವರ್ಷ ಬಳಸಿದರೆ ಅದೇ ದೊಡ್ಡ ಉಳಿತಾಯ, ಅಲ್ವಾ?

ಆಪಲ್‌ನ ಬಲ ಇರುವುದು ಮರುಬಳಕೆಯಲ್ಲಿ. ಐಫೋನ್ 15ರ ಬ್ಯಾಟರಿಯಲ್ಲಿರುವ ಕೋಬಾಲ್ಟ್ ಪೂರ್ತಿ ಮರುಬಳಕೆಯದು ಎನ್ನುತ್ತದೆ ಕಂಪನಿ. ಅದರ ‘ಡೈಸಿ’ ರೋಬೋ ಗಂಟೆಗೆ 200 ಹಳೆಯ ಐಫೋನ್‌ಗಳವರೆಗೆ ಬಿಚ್ಚಬಲ್ಲದು. ಆದರೆ ಬ್ಯಾಟರಿ ಅಂಟಿಸಿದ್ದು. ಬದಲಿಸಲು ಹೆಚ್ಚಿನವರು ಸರ್ವೀಸ್ ಸೆಂಟರ್‌ಗೇ ಹೋಗಬೇಕು.

ಯುರೋಪಿನಲ್ಲಿದ್ದೀರಾ? ಸುಮ್ನೆ ಫೇರ್‌ಫೋನ್ ತಗೊಳ್ಳಿ. ಕ್ಯಾಮೆರಾದಲ್ಲಿ ಸ್ವಲ್ಪ ರಾಜಿಯಾಗಬೇಕಾಗುತ್ತದೆ, ಅಷ್ಟೆ. ಭಾರತದಲ್ಲಿ ಅದನ್ನು ಕಂಪನಿ ಮಾರುತ್ತಿಲ್ಲ. ಇಲ್ಲಿದ್ದರೆ ಐಫೋನ್ ಕೊಳ್ಳಿ, ಚಾರ್ಜ್ ನಿಲ್ಲದಾದಾಗ ಫೋನ್ ಬಿಟ್ಟು ಬ್ಯಾಟರಿಯನ್ನಷ್ಟೇ ಬದಲಿಸಿ.